ಹಾಜರಿ ತಪ್ಪಸೋ ಎದಿ

ನಮ್ಮ ದವಾಖಾನಿ ಇಸಿಜಿ ರೂಮಿನ್ಯಾಗ ವಾರಕ್ಕ ಒಂದಾದ್ರೂ ಇಂಥಾದ್ದು ಆಗೇ ಆಗ್ತೈತಿ. ನಕ್ಕರ ತಪ್ಪು ಅನಸ್ತೈತಿ, ನಗದಿದ್ರ ಅಳು ಬರ್ತೈತಿ. ಅದಕ್ಕ ನಾ ಮೊದ್ಲ ನಕ್ಕ ಬಿಡ್ತೀನಿ.

ನಾ ಅಲ್ಲಿ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕಸಾ ಹೊಡಿಯೂದು, ಕಾಟಿನ ಮ್ಯಾಲಿನ ಚಾದರ ಬದಲಿ ಮಾಡೂದು, ಪೇಶಂಟಿನ ಎದಿಗೆ ಹಚ್ಚಿದ ಜೆಲ್ ಒರಸೂದು ನನ್ನ ಕೆಲಸ. ಸಿಂದಗಿ ಕಡಿಂದ ಮದಿವ್ಯಾಗಿ ಮಡಗಾಂವಕ್ಕ ಬಂದು ಇಪ್ಪತ್ತೆರಡು ವರ್ಷ ಆತು. ಮೋತಿ ಡೊಂಗರ ಅನ್ನೋ ಗುಡ್ಡದ ಮ್ಯಾಲ ಮನಿ. ಮಗಳ ಮದಿವಿ ಆಗೈತಿ, ಮನ್ಯಾಗ ನಾವಿಬ್ಬರ. ಇಷ್ಟ ವರ್ಷದಾಗ ಕೊಂಕಣಿ, ಹಿಂದಿ ಎರಡೂ ಕಲತೀನಿ. ಅದಕ್ಕ ನಮ್ಮ ಕಡಿ ಮಂದಿ ಪೇಶಂಟಾಗಿ ಬಂದ್ರ ಡಾಕ್ಟರ್ರು, "ಮೌಶಿ, ಹಾಂಗಾ ಯೋ" ಅಂತ ನನ್ನ ಕರೀತಾರ. ನಾ ಕಸಬರಗಿ ಗ್ವಾಡಿಗೆ ಆನಿಸಿಟ್ಟು ಹೋಗಿ, ಅವ್ರು ಹೇಳಿದ್ದನ್ನ ಕನ್ನಡದಾಗ ಹೇಳ್ತೀನಿ. ಹಂಗ ಹೇಳಿ ಹೇಳಿ ಎದಿಬಡಿತ ತಪ್ಪೋ ರೋಗ ಅಂದ್ರ ಏನು, ಅದು ಎಷ್ಟು ಕೆಟ್ಟದ್ದು ಅನ್ನೂದು ನನಗ ಬಾಯಿಪಾಠ ಆಗೈತಿ. ಎಷ್ಟ ಮಂದಿಗೆ ಹೇಳೀನೋ ಲೆಕ್ಕ ಇಲ್ಲ. ಎಷ್ಟ ಮಂದಿಗೆ ತಿಳೀತು ಅಂತ ಮಾತ್ರ ಕೇಳಬ್ಯಾಡ್ರಿ. ನನ್ನ ಮನ್ಯಾಗ ಇದ್ದ ಒಬ್ಬರಿಗೇ ತಿಳಸಾಕ ನನ್ನ ಕೈಲೆ ಆಗಲಿಲ್ಲ.

೧. ಗೈರಹಾಜರಿ

ಕೆಪೆ ಕಡಿಂದ ಒಬ್ಬ ಗೌಂಡಿ ಬಂದಿದ್ದ. ಐವತ್ತರ ಆಸುಪಾಸು ವಯಸ್ಸು, ಬಾಗಲಕೋಟಿ ಕಡಿಯಾವ. ಇಟ್ಟಂಗಿ ಏರಸೂ ಹೊತ್ತಿನ್ಯಾಗ ಕಣ್ಣಿಗೆ ಕತ್ತಲಿ ಬಂದಿತ್ತಂತ. ಸಣ್ಣ ಡಾಕ್ಟರ್ರು ಇಸಿಜಿ ಚೀಟಿ ನೋಡಿ ಹಿಂದಿ ಒಳಗ, "ನಿಮ್ಮದು ಇರ್ರೆಗ್ಯುಲರ್ ಐತಿ" ಅಂದ್ರು.

ಆ ಮನಷ್ಯಾ ಎದಿಗೆ ಹಚ್ಚಿದ ವಾಯರ್ ಸಮೇತ ಎದ್ದು ಕುಂತ. ಹಿಂದಿ ಒಳಗಿನ ಉಳದ ಮಾತು ಅವಗ ತಿಳದಿರಲಿಲ್ಲ, ಇರ್ರೆಗ್ಯುಲರ್ ಅನ್ನೂದು ಮಾತ್ರ ತಿಳದಿತ್ತು.

"ಯಾರ್ರಿ ಹಂಗಂದಾವ? ನಮ್ಮ ಸೂಪರ್‌ವೈಜರ್ ಹೇಳಿ ಕಳಿಸ್ಯಾನೇನು? ಹನ್ನೊಂದು ತಿಂಗಳಾತ್ರಿ, ಒಂದ ದಿನಾ ರಜಾ ಮಾಡಿಲ್ಲ. ಹಬ್ಬಕ್ಕ ಸೈತ ಊರಿಗೆ ಹೋಗಿಲ್ಲ. ಬೇಕಾದ್ರ ಹಾಜರಿ ಪುಸ್ತಕ ತರಸ್ರಿ."

ನಾ ಅಂದೆ, "ಅಣ್ಣಾ, ನೀವಲ್ಲ. ನಿಮ್ಮ ಎದಿ. ಒಮ್ಮಿ ಲಗೂ ಲಗೂ ಬಡೀತೈತಿ, ಒಮ್ಮಿ ತಡದು ಬಡೀತೈತಿ, ನಡುವ ಒಂದೆರಡು ಸಲ ಬಡಿಯೂದ ಇಲ್ಲ. ಇದನ್ನ ಹಗರ ಹಿಡೀಬ್ಯಾಡ್ರಿ. ಜೀವಕ್ಕ ಬರ್ತೈತಿ."

ಅವ ತನ್ನ ಎದಿ ಕಡೆ ಕೆಳಗ ನೋಡಿದ. ಬಾಜೂ ಮನಿಯವ್ರ ಮಗಾ ಕಳವು ಮಾಡ್ಯಾನ ಅಂತ ಕೇಳಿದವ್ರ ಮುಖ ಆಗ್ತೈತಲ್ಲ, ಹಂಗಾಗಿತ್ತು ಅವನ ಮುಖ.

"ಹಂಗಾರ ನಾ ಬಂದ್ರೂ ಅದು ಬರಾಕತ್ತಿಲ್ಲ ಅನ್ರಿ."

"ಹೌದ್ರಿ."

ದನಿ ಸಣ್ಣ ಮಾಡಿ ಅಂದ, "ಯಕ್ಕಾ, ಸೂಪರ್‌ವೈಜರ್‌ಗೆ ಮಾತ್ರ ಹೇಳಬ್ಯಾಡ್ರಿ. ಅವ ನನ್ನ ಹೆಸರಿನ ಮುಂದ ಬರೀತಾನ."

೨. ಹೊಸಾ ಮಶೀನ್

ನಮ್ಮ ಮನಿಯವ್ರ ರೋಗ ಪತ್ತೆ ಆಗಿದ್ದು ಯಾವ ಡಾಕ್ಟರಿಂದಾನೂ ಅಲ್ಲ. ನಾ ಊಟದ ಡಬ್ಬಿ ಮನ್ಯಾಗ ಮರತು ಬಂದಿದ್ದರಿಂದ.

ಅವ್ರು ಕಟ್ಟಡದ ಕೆಲಸದಾಗ ಕಾಂಕ್ರೀಟ್ ಮಿಕ್ಸರ್ ನಡಸ್ತಿದ್ರು. ಅವತ್ತು ಸೈಟಿನ್ಯಾಗ ಸಿಮೆಂಟ್ ಬಂದಿರಲಿಲ್ಲಂತ. ಡಬ್ಬಿ ಹಿಡಕೊಂಡು ದವಾಖಾನಿಗೆ ಬಂದ್ರು. ಅದ ಮುಂಜಾನೆ ನಮ್ಮ ರೂಮಿಗೆ ಹೊಸಾ ಇಸಿಜಿ ಮಶೀನ್ ಬಂದಿತ್ತು. ನಮ್ಮ ಟೆಕ್ನಿಶಿಯನ್ ಗೋವಾದ ಹುಡುಗ, ಮಶೀನಿನ ಮ್ಯಾಲಿನ ಪ್ಲಾಸ್ಟಿಕ್ ಆಗಷ್ಟ ತಗದಿದ್ದ. ಯಾರ ಮ್ಯಾಲಾದ್ರೂ ಹಚ್ಚಿ ನೋಡಬೇಕು ಅಂತ ಕುಂತಿದ್ದ. "ಮೌಶಿ, ನಿಮ್ಮ ಮನಿಯವ್ರಿಗೆ ಎರಡ ನಿಮಿಷ ಮಲಗಾಕ ಹೇಳ್ರಿ" ಅಂದ.

ಇವ್ರು ಅಂಗಿ ಬಿಚ್ಚಿ ಮಲಕೊಂಡ್ರು. ಚೀಟಿ ಹೊರಗ ಬಂತು. ಟೆಕ್ನಿಶಿಯನ್ ಅದನ್ನ ನೋಡಿ ಹಣಿ ಬಡಕೊಂಡ. ಗೆರಿ ಒಂದರಿಂದ ಒಂದು ದೂರ, ಮತ್ತ ಎರಡು ಒಟ್ಟಿಗೆ, ಮತ್ತ ದೂರ. "ಕೆಟ್ಟ ಮಶೀನ್ ಕಳಿಸ್ಯಾರ" ಅಂದು ಕಂಪನಿಗೆ ಫೋನ್ ಹಚ್ಚಿದ. ಆ ಕಡಿಯಾವ ಏನೇನೋ ಕೇಳಿರಬೇಕು. ಇವ ಸಿಟ್ಟಿಗೆದ್ದು, "ಈಗಿಂದೀಗ ಮಂದಿ ಕಳಸ್ರಿ" ಅಂತ ಹೇಳಿ ಇಟ್ಟ.

ಆಮ್ಯಾಲ ಖಾತ್ರಿ ಮಾಡಕೊಳ್ಳಾಕ ನನ್ನ ಮಲಗಿಸಿ ಹಚ್ಚಿದ. ಗೆರಿ ಎಲ್ಲಾ ನೆಟ್ಟಗ ಬಂದ್ವು. ಬಾಗಲದಾಗ ನಿಂತ ವಾಚಮನ್ನನ ಕರದು ಮಲಗಿಸಿದ. ಅವೂ ನೆಟ್ಟಗ. ಮತ್ತ ಇವ್ರನ್ನ ಮಲಗಿಸಿದ. ಮತ್ತ ಚೆಲ್ಲಾಪಿಲ್ಲಿ.

ಟೆಕ್ನಿಶಿಯನ್ ಮುಖ ಇಳೀತು. ಚೀಟಿ ಹಿಡಕೊಂಡು ಡಾಕ್ಟರ್ ಕಡೆ ಓಡಿದ. ಅವ ಓಡಿದ್ದು ನೋಡಿ ನನಗ ಎಲ್ಲಾ ತಿಳೀತು. ಅಂಥಾ ಚೀಟಿ ನಾ ದಿನಾ ಕಸದ ಬುಟ್ಟಿಯಿಂದ ತಗದು ಒಗೀತಿದ್ದೆ. ನಾ ಅಲ್ಲೇ ಸ್ಟೂಲಿನ ಮ್ಯಾಲ ಕುಂತೆ.

ಇವ್ರು ಅಂಗಿ ಗುಂಡಿ ಹಾಕ್ಕೊಳ್ಳಾಕತ್ತಿದ್ರು. ಮಶೀನ್ ನಡಸೋ ಮನಷ್ಯಾ ಅವ್ರು, ಮಶೀನಿನ ಚಿಂತಿನ ಹೆಚ್ಚು.

"ಏನಂತ? ಮಶೀನ್ ಕೆಟ್ಟೈತೇನು?"

"ಇಲ್ಲ, ಚಲೋ ಐತಿ."

"ಪಾಡಾತು ಬಿಡು" ಅಂದ್ರು. "ಹೊಸಾದು, ಪಾಪ."

೩. ಎಲ್ಲಾ ಕೇಳಸ್ಕೊಳ್ಳೋ ಡಬ್ಬಿ

ದೊಡ್ಡ ಡಾಕ್ಟರ್ರು ನೋಡಿದ್ರು. ಒಂದು ದಿನಾ ಪೂರ್ತಿ ಎದಿಬಡಿತ ಬರಕೊಳ್ಳೋ ಸಣ್ಣ ಡಬ್ಬಿ ಇರ್ತೈತಿ. ಎದಿಗೆ ವಾಯರ್ ಅಂಟಿಸಿ, ಡಬ್ಬಿ ನಡಕ್ಕ ಕಟ್ಟಿ ಕಳಸ್ತಾರ. "ದಿನಾ ಏನ ಕೆಲಸ ಮಾಡ್ತೀರೋ ಅದನ್ನ ಮಾಡ್ರಿ, ಜಳಕ ಒಂದ ಮಾಡಬ್ಯಾಡ್ರಿ" ಅಂದ್ರು. ಇವ್ರು ಡಬ್ಬಿ ಕಟಗೊಂಡು ಸೈಟಿಗೆ ಹೋದ್ರು.

ಅಲ್ಲಿ ಚಿಂಬಲ್‌ದಿಂದ ಬರೋ ಮಂದೀದು ಒಂದು ಗುಂಪಿತ್ತು. ಅದರಾಗ ಒಬ್ಬ ವಾಯರ್ ನೋಡಿ ಕೇಳಿದ. ಇವ್ರು, "ರೆಕಾರ್ಡ್ ಆಗಾಕತ್ತೈತಿ" ಅಂದ್ರು. ಖರೇನ ಹೇಳಿದ್ರು, ಆದ್ರ ಪೂರ್ತಿ ಹೇಳಲಿಲ್ಲ.

ಅರ್ಧಾ ತಾಸಿನ್ಯಾಗ ಸೈಟ್ ಗುಡಿ ಆಗಿ ಹೋತಂತ. ಬುಟ್ಟಿ ಹೊರೋ ಹೆಣಮಕ್ಕಳು ಮಾತು ಬಿಟ್ರು. ಹುಟ್ಟಿದಾಗಿಂದ ಬೈಗಳಾ ಬಿಟ್ಟು ಬ್ಯಾರೆ ಮಾತ ಆಡದಿದ್ದ ಮೇಸ್ತ್ರಿ, "ಸ್ವಲ್ಪ ಮಾಲ್ ಕಳಸ್ತೀರೇನ್ರಿ" ಅಂತ ಕೇಳಿದನಂತ. ಇವ್ರು ತಮ್ಮ ಹಿಂದ ಯಾರರ ಸಾಹೇಬ್ರು ನಿಂತಾರೇನು ಅಂತ ತಿರುಗಿ ನೋಡಿದ್ರಂತ. ಮಧ್ಯಾಹ್ನ ಕಾಂಟ್ರಾಕ್ಟರ್ ಬಂದ. ಯಾರೋ ಅವನ ಕಿವಿಗೆ ಹಾಕಿದ್ರು. ಅವ ಸೀದಾ ಇವ್ರ ಮುಂದ ಬಂದು, ನಡದಾಗಿನ ಡಬ್ಬಿ ಕಡೆ ಬಗ್ಗಿ, ಹಿಂದಿ ಒಳಗ ಒಂದೊಂದ ಶಬ್ದ ಬಿಡಿಸಿ ಹೇಳಿದನಂತ, "ನಮ್ಮ ಸೈಟಿನ್ಯಾಗ ಎಲ್ಲಾರಿಗೂ ಹೆಲ್ಮೆಟ್ ಕೊಟ್ಟೇವಿ. ಅವ್ರ ಹಾಕ್ಕೊಳ್ಳೂದಿಲ್ಲ."

ಮರುದಿನ ರಿಪೋರ್ಟ್ ಬಂತು. ದೊಡ್ಡ ಡಾಕ್ಟರ್ರು ಹಾಳಿ ಮ್ಯಾಲ ಬೆರಳ ಇಟ್ಟು ತೋರಿಸಿದ್ರು. ನಾ ಕನ್ನಡದಾಗ ಹೇಳ್ದೆ. ಹಗಲಿನ್ಯಾಗೂ ತಪ್ಪಾಕತ್ತೈತಿ, ಆದ್ರ ಮಲಗಿದಾಗ ಭಾಳ ತಪ್ಪೈತಿ. ಒಮ್ಮೊಮ್ಮಿ ತಾಸಗಟ್ಟಲೆ. ಇದಕ್ಕ ಔಷಧ ತಪ್ಪಸಬಾರದು.

ಇವ್ರು ಕೈ ಕಟಗೊಂಡು ಎಲ್ಲಾ ಕೇಳಿದ್ರು. ಆಮ್ಯಾಲ ಡಾಕ್ಟರ್‌ಗೆ ಹೇಳು ಅಂತ ನನಗ ಹೇಳಿದ್ರು, "ಎದ್ದಾಗಿನ ತಪ್ಪು ನಂದ ಅನ್ರಿ. ನಾ ಮಕ್ಕೊಂಡಾಗ ಆಗಿದ್ದಕ್ಕ ನಾ ಜವಾಬ್ದಾರ ಅಲ್ಲ."

೪. ತೆಳ್ಳನ್ನ ರಕ್ತ

ದೊಡ್ಡ ಡಾಕ್ಟರ್ರು ರಕ್ತ ತೆಳ್ಳಗ ಮಾಡೋ ಗುಳಿಗಿ ಬರದು ಕೊಟ್ರು. ಯಾಕ ಅಂತ ನನಗ ಗೊತ್ತಿತ್ತು. ಮನಿಗೆ ಬಂದು ಚಾ ಮಾಡಿ ಕೊಟ್ಟು, ಎದುರಿಗೆ ಕುಂತು ಅವ್ರದ ಭಾಷಾದಾಗ ಹೇಳ್ದೆ.

"ನೋಡ್ರಿ. ನಿಮ್ಮ ಮಿಕ್ಸರ್ ತಿರಗೂತನಾ ಮಾಲ್ ಚಲೋ ಇರ್ತೈತಿ. ಡ್ರಮ್ ನಿಂತ ನಡಗಾಕತ್ರ ಏನಾಗ್ತೈತಿ?"

"ಮಾಲ್ ಗಟ್ಟಿ ಆಗ್ತೈತಿ."

"ನಿಮ್ಮ ಎದಿ ಒಳಗ ಮ್ಯಾಲಿನ ಖೋಲಿ ಹಂಗ ನಡಗಾಕತ್ತೈತಿ. ರಕ್ತ ಅಲ್ಲೇ ನಿಂತು ಗಡ್ಡಿ ಕಟ್ಟತೈತಿ. ಆ ಗಡ್ಡಿ ತಲಿಗೆ ಹೋತಂದ್ರ ಲಕ್ವಾ. ಕೈ, ಕಾಲು, ಬಾಯಿ ಎಲ್ಲಾ ಹೋಗ್ತೈತಿ. ಅದಕ್ಕ ಈ ಗುಳಿಗಿ."

ಅವ್ರಿಗೆ ತಿಳೀತು ಅಂತ ನನಗ ಅನಿಸ್ತು. ಕಣ್ಣಾಗ ಒಂದು ಬೆಳಕು ಕಂಡ್ತು. "ಇಷ್ಟ ವರ್ಷದಾಗ ನನ್ನ ಡ್ರಮ್ಮಿನ್ಯಾಗ ಒಂದ ಸಲ ಮಾಲ್ ಗಟ್ಟಿ ಆಗಿಲ್ಲ" ಅಂದ್ರು. ಆ ಬೆಳಕು ಅದರದ್ದು.

ಹದಿನೈದು ದಿನಾ ನುಂಗಿದ್ರು. ಅಷ್ಟರಾಗ ಊರಿಂದ ನಮ್ಮತ್ತಿ ಫೋನ್ ಬಂತು. ಗುಳಿಗಿ ಯಾವುದು ಅಂತ ಕೇಳಿದ್ರು. ಇವ್ರು ಹೇಳಿದ್ರು. ನಮ್ಮತ್ತಿ ದನಿ ಫೋನಿಂದ ಹೊರಗ ನನಗೂ ಕೇಳಾಕತ್ತು.

"ರಕ್ತ ತೆಳ್ಳಗ ಮಾಡ್ತಾಳಂತೇನು? ನಿನಗ ರಕ್ತ ತುಂಬಲಿ ಅಂತ ನಾ ಅಳವಿ ಉಂಡಿ ತಿನ್ನಿಸಿ, ಎಮ್ಮಿ ಹಾಲ ಕುಡಿಸಿ, ಬೆಲ್ಲ ನೆಕ್ಕಿಸಿ ಬೆಳಸೀನಿ. ಮೂವತ್ತ ವರ್ಷ ಹಿಡೀತು ಅದು ಗಟ್ಟಿ ಆಗಾಕ. ಇಕಿ ಹದಿನೈದ ದಿನದಾಗ ನೀರ ಮಾಡ್ತಾಳಂತ."

ಅದ ವಾರ ದಾಡಿ ಮಾಡ್ಕೊಳ್ಳೂ ಮುಂದ ಗದ್ದ ಕೊಯ್ತು. ರಕ್ತ ಲಗೂ ನಿಲ್ಲಲಿಲ್ಲ. ಟಾವೆಲ್ ಒತ್ತಿ ಹಿಡಕೊಂಡು ಕನ್ನಡಿ ಒಳಗ ನೋಡಿ, "ಅವ್ವ ಹೇಳಿದ್ದು ಖರೇ ಐತಿ" ಅಂದ್ರು. ಅವತ್ತಿಂದ ಎದಿ ಧಡಧಡ ಅಂದಾಗ ಒಂದು ಗುಳಿಗಿ, ಇಲ್ಲಂದ್ರ ಇಲ್ಲ. ನಾ ಜಗಳಾಡ್ದೆ, ಅತ್ತೆ, ಕೈಮುಗದೆ. "ದಿನಾ ತಗೋಬೇಕಂತ ಡಾಕ್ಟರ್ರು ಹೇಳ್ಯಾರ" ಅಂದೆ.

ಅವ್ರು ಭಾಳ ಸಮಾಧಾನದಿಂದ ನನಗ ಬುದ್ಧಿ ಹೇಳಿದ್ರು. "ಕೆಮ್ಮ ಬಂದ್ರ ಕೆಮ್ಮಿನ ಔಷಧ ತಗೋತೀವಿ. ಕೆಮ್ಮ ಬರದ ತಗೊಂಡ್ರ ಔಷಧಕ್ಕ ಸಿಟ್ಟ ಬರೂದಿಲ್ಲೇನು? ಕಸಾ ಹೊಡಿಯಾಕ ಹೋಗೂದು, ಡಾಕ್ಟರಕಿ ಆಗಿ ಬರೂದು."

೫. ಸವತಿಕಾಯಿ

ನಾ ಹೇಳಿದ್ರ ಕೇಳದ ಮನಷ್ಯಾ ಕೈಗಡಿಯಾರ ಹೇಳಿದ್ದು ಮಾತ್ರ ಕೇಳತಿದ್ರು.

ಮೇಸ್ತ್ರಿ ತನ್ನ ಹಳೇ ಗಡಿಯಾರ ಒಂದು ಇವ್ರಿಗೆ ಕೊಟ್ಟಿದ್ದ. ರಸ್ತಾದ ಮ್ಯಾಲ ಚಾದರ ಹಾಸಿ ಮಾರ್ತಾರಲ್ಲ, ಅಂಥಾದ್ದು. ಗುಂಡಿ ಒತ್ತಿದ್ರ ಒಂದು ಹಸರ ದೀಪ ಹತ್ತಿ ಎದಿಬಡಿತ ಎಷ್ಟು ಅಂತ ತೋರಸ್ತಿತ್ತು. ಯಾವಾಗ ಒತ್ತಿದ್ರೂ ಎಪ್ಪತ್ತೆರಡು.

ಮುಂಜಾನೆ ಎದ್ದ ಕೂಡಲೇ ಒತ್ತತಿದ್ರು. "ನೋಡು, ಎಪ್ಪತ್ತೆರಡು." ಊಟಕ್ಕ ಕುಂತಾಗ, "ಎಪ್ಪತ್ತೆರಡು." ಡೊಂಗರ ಏರಿ ನೀರಿನ ಕೊಡ ತಂದು ಏದುಸಿರ ಬಿಡ್ತಾ ಕಟ್ಟಿ ಮ್ಯಾಲ ಕುಂತಾಗೂ ಎಪ್ಪತ್ತೆರಡು. ನಾ ಅವ್ರ ಎದಿ ಮ್ಯಾಲ ಕೈ ಇಟ್ರ ಬ್ಯಾರೇನ ಇತ್ತು. ಒಮ್ಮಿ ಓಡೂದು, ಒಮ್ಮಿ ನಿಂದ್ರೂದು. ಅದು ನಿಂತಾಗೆಲ್ಲಾ ನಾನೂ ಉಸರ ಹಿಡೀತಿದ್ದೆ. ಮತ್ತ ಬಡದಾಗ ಬಿಡ್ತಿದ್ದೆ. ಹಿಂಗ ಎಷ್ಟ ದಿನಾ ಬದಕೂದು ಅನಸ್ತಿತ್ತು.

ಒಂದು ಐತಾರ ಸಂಜಿಮುಂದ ನಾ ಕೋಸಂಬರಿಗೆ ಸವತಿಕಾಯಿ ಹೆಚ್ಚಾಕ ಕುಂತಿದ್ದೆ. ಅವ್ರು ಕೈಕಾಲ ತೊಳಿಯಾಕ ಹೋಗುವಾಗ ಗಡಿಯಾರ ಬಿಚ್ಚಿ ನನ್ನ ಬಾಜೂ ಇಟ್ರು. ನನಗ ಏನ ಹೊಳೀತೋ, ಒಂದು ಸವತಿಕಾಯಿಗೆ ಅದನ್ನ ಕಟ್ಟಿ ಗುಂಡಿ ಒತ್ತಿದೆ. ಹಸರ ದೀಪ ಹತ್ತಿತು. ಸ್ವಲ್ಪ ಹೊತ್ತು ವಿಚಾರ ಮಾಡ್ತು. ಆಮ್ಯಾಲ ಎಪ್ಪತ್ತೆರಡು ಅಂತು.

ಇವತ್ತು ಗೆದ್ದೆ ಅಂದುಕೊಂಡೆ. ಅವ್ರು ಬಂದ ಕೂಡಲೇ ಸವತಿಕಾಯಿ ಎತ್ತಿ ಅವ್ರ ಮುಖದ ಮುಂದ ಹಿಡದೆ. ಅವ್ರು ನೋಡಿದ್ರು. ಇನ್ನೊಮ್ಮಿ ಗುಂಡಿ ಒತ್ತಿ ನೋಡಿದ್ರು. ಬಗ್ಗಿ ಸವತಿಕಾಯಿ ತೊಟ್ಟಿನ ಕಡೆ ನೋಡಿದ್ರು. ಅವ್ರ ಮುಖದಾಗ ಅಂಜಿಕಿ ಬರ್ತೈತಿ, ನಾಳಿಂದ ಗುಳಿಗಿ ತಗೋತಾರ ಅಂತ ನಾ ಕಾಯಾಕತ್ತಿದ್ದೆ.

"ಹಂಗಾರ" ಅಂದ್ರು, "ಇದಕ್ಕೂ ಏನೂ ಆಗಿಲ್ಲ."

೬. ಇದು ಸೆರಿ ಅಲ್ಲ

ನನಗ ಐತಾರ ಡ್ಯೂಟಿ ಇತ್ತು. ಏಳಕ್ಕ ಮನಿ ಬಿಟ್ಟೆ. ಅವ್ರು ಬಾಗಲದಾಗ ನಿಂತು ಹಲ್ಲ ತಿಕ್ಕಾಕತ್ತಿದ್ರು, ಚಲೋ ಇದ್ರು. ನಾ ಹೋದಮ್ಯಾಲ ಪಾವ್ ತರಾಕ ಅಂತ ಕೆಳಗ ಇಳದಾರ. ನಮ್ಮ ಓಣಿಯ ಪಾವಟಿಗಿ ಮ್ಯಾಲ ಬಲಗಾಲು ಮಡಚಿ ಬಿದ್ದಾರ.

ನಮ್ಮ ಮನಿಯವ್ರು ಒಂದ ದಿನಾ ಕುಡದವ್ರಲ್ಲ. ಆದ್ರ ನಮ್ಮ ಡೊಂಗರದಾಗ ಐತಾರ ಮುಂಜಾನೆ ಪಾವಟಿಗಿ ಮ್ಯಾಲ ಬಿದ್ದ ಗಂಡಸನ್ನ ಯಾರೂ ತಿರುಗಿ ನೋಡೂದಿಲ್ಲ. ನೀರಿನ ಕೊಡ ಹೊತ್ತ ಹೆಣಮಕ್ಕಳು ಸೀರಿ ಎತ್ತಿ ಹಿಡಕೊಂಡು ದಾಟಿ ಹೋಗ್ಯಾರ. "ಇವನೂ ಸುರು ಮಾಡಿದನೇನು" ಅಂತ ಒಬ್ಬಾಕಿ ಅಂದಾಳಂತ. ಇವ್ರು ಏನೋ ಹೇಳಾಕ ಹೋಗ್ಯಾರ, ಬಾಯಿ ವಾರಿ ಆಗಿ ತೊದಲು ಬಂದೈತಿ. ಅದನ್ನ ಕೇಳಿ ಎಲ್ಲಾರಿಗೂ ಇನ್ನಾ ಖಾತ್ರಿ ಆಗೈತಿ. ಆಮ್ಯಾಲ ಇಬ್ಬರು ಮರ್ಯಾದಿ ಇದ್ದವ್ರು ಎತ್ತಿಕೊಂಡು ಹೋಗಿ ನಮ್ಮ ಮನ್ಯಾಗ ಚಾಪಿ ಮ್ಯಾಲ ಹಾಕಿ, ನಿದ್ದಿ ಮಾಡಿದ್ರ ಇಳೀತೈತಿ ಅಂತ ಬಾಗಲಾ ಮುಂದ ಮಾಡಿ ಹೋಗ್ಯಾರ.

ಮಧ್ಯಾಹ್ನ ಒಂದಕ್ಕ ನಮ್ಮ ಓಣಿಯ ಕುಡುಕ ಬಂದಾನ. ಊರೆಲ್ಲಾ ಬಲ್ಲ ಕುಡುಕ ಅವ. ಇವ್ರು ಬಿದ್ದಾಗ ಮುಂಜಾನೆ ಅವನೂ ಅಲ್ಲೇ ಇದ್ದನಂತ. ಇಷ್ಟ ವರ್ಷಕ್ಕ ಮಾವ ತನ್ನ ಸಾಲಿಗೆ ಬಂದ ಅಂತ ಸಂತೋಷ ಆಗಿ, ಮಾತಾಡಸ್ಕೊಂಡು ಹೋಗೂಣು ಅಂತ ಬಂದಿದ್ದ. ಬಾಜೂ ಕುಂತು, "ಯಾವುದು ತಗೊಂಡಿದ್ಯೋ ಮಾವಾ" ಅಂತ ಇವ್ರ ಬಾಯಿ ಹತ್ರ ಮೂಗು ಒಯ್ದಾನ. ಒಮ್ಮಿ ಮೂಸಿ ನೋಡ್ಯಾನ. ಇನ್ನೊಮ್ಮಿ ಮೂಸಿ ನೋಡ್ಯಾನ. ಎದ್ದು ಹೊರಗ ಓಡಿ ಬಂದು ಓಣಿಯಾಗ ನಿಂತು ಕೂಗ್ಯಾನ, "ಇದು ಸೆರಿ ಅಲ್ರಿ. ನಾ ಬರದು ಕೊಡ್ತೀನಿ, ಇದು ಸೆರಿ ಅಲ್ಲ."

ಇಡೀ ಓಣಿಯಾಗ ರೋಗ ಗುರುತು ಹಿಡದಾವ ಅವ ಒಬ್ಬ.

ಉಳ್ಳಾಗಡ್ಡಿ ಟೆಂಪೋ ಓಡಸೋ ಚಾಚಾ ನಮ್ಮ ಎದುರ ಮನಿಯವ್ರು. ಅವ್ರು ಕೂಡಲೇ ಚೀಲ ಸರಿಸಿ ಇವ್ರನ್ನ ಮಲಗಿಸಿಕೊಂಡು, ಕುಡುಕನ್ನ ಬಾಜೂ ಕುಂಡ್ರಿಸಿಕೊಂಡು ನಮ್ಮ ದವಾಖಾನಿಗೆ ತಂದ್ರು. ನಾ ಬಾಗಲದಾಗ ನೆಲಾ ಒರಸಾಕತ್ತಿದ್ದೆ. ಸ್ಟ್ರೆಚರ್ ಬಂತು ಅಂತ ಬಕೀಟ ಸರಿಸಿ ದಾರಿ ಬಿಟ್ಟೆ. ಆಮ್ಯಾಲ ಚಪ್ಪಲಿ ನೋಡಿದೆ.

ಗಡ್ಡಿ ಕರಗಸೋ ಒಂದು ಇಂಜೆಕ್ಷನ್ ಐತಿ. ಲಕ್ವಾ ಹೊಡದ ನಾಕೂವರಿ ತಾಸಿನ ಒಳಗ ಕೊಡಬೇಕು, ಆಮ್ಯಾಲ ಕೊಟ್ರ ತಲ್ಯಾಗ ರಕ್ತ ಸುರದು ಇನ್ನಾ ಕೆಡಕ ಆಗ್ತೈತಿ. ಇದನ್ನೂ ನಾ ಎಷ್ಟೋ ಮಂದಿಗೆ ಕನ್ನಡದಾಗ ಹೇಳೀನಿ. ಡಾಕ್ಟರ್ರು ಪೆನ್ ತಗದು, "ಎಷ್ಟ ಗಂಟೆಕ್ಕ ಬಿದ್ರು?" ಅಂತ ಕೇಳಿದ್ರು. ನಾ ಚಾಚಾನ ಮುಖ ನೋಡಿದೆ. ಅವ್ರು ಕುಡುಕನ ಮುಖ ನೋಡಿದ್ರು. ಒಂಬತ್ತೂವರಿ ಅನ್ಲಿ, ಹತ್ತು ಅನ್ಲಿ ಅಂತ ನಾ ನೆನಿಯದ ದೇವ್ರಿಲ್ಲ. ಗ್ವಾಡಿ ಮ್ಯಾಲಿನ ಗಡಿಯಾರದಾಗ ಎರಡ ಬಡಿಯಾಕ ಬಂದಿತ್ತು.

ಕುಡುಕ ಕೈಮುಗದು ನಿಂತು, ಭಾಳ ಜವಾಬ್ದಾರಿಲೆ ಹೇಳಿದ, "ಟೈಮ್ ಗೊತ್ತಿಲ್ರಿ ಸಾಹೇಬ್ರ. ಆದ್ರ ಬಾರ್ ಇನ್ನಾ ತಗದಿರಲಿಲ್ಲ."

ಡಾಕ್ಟರ್‌ಗೆ ತಿಳೀಲಿಲ್ಲ. ನಾನ ಕೊಂಕಣಿ ಒಳಗ ಹೇಳ್ದೆ. ನಮ್ಮ ಓಣಿ ಬಾರ್ ಒಂಬತ್ತಕ್ಕ ತಗೀತೈತಿ ಅಂತ ನಮ್ಮ ಡೊಂಗರದಾಗ ಇರೋ ವಾಚಮನ್ ಹೇಳಿದ. ಡಾಕ್ಟರ್ರು ಅದನ್ನ ಬರಕೊಂಡು ಪೆನ್ ಕೆಳಗ ಇಟ್ರು.

೭. ಒಂದ ಮಾತು

ಜೀವ ಉಳೀತು. ಬಲಗೈ, ಬಲಗಾಲು ಹೋತು. ಮಾತೂ ಹೋತು.

ಎಂಟು ದಿನಾ ಅವ್ರ ಬಾಯಾಗಿಂದ ಒಂದು ಅಕ್ಷರ ಬರಲಿಲ್ಲ. ನನ್ನ ನೋಡೂದು, ಕಣ್ಣಾಗ ನೀರ ತರೂದು, ಬಾಯಿ ತಗದು ಮುಚ್ಚೂದು. ನಾ ಡ್ಯೂಟಿ ಮುಗಿಸಿ ಅದ ದವಾಖಾನಿಯಾಗ ಅವ್ರ ಕಾಟಿನ ಬಾಜೂ ಕುಂದ್ರತಿದ್ದೆ. ಬೈಲಿ, ಕಸಾ ಹೊಡಿಯೂ ಡಾಕ್ಟರಕಿ ಅನ್ಲಿ, ಏನರ ಅನ್ಲಿ ಅನಸ್ತಿತ್ತು.

ಒಂಬತ್ತನೇ ದಿನಾ ದೊಡ್ಡ ಡಾಕ್ಟರ್ರು ಕಲಿಯೂ ಹುಡುಗರನ್ನ ಕರಕೊಂಡು ಬಂದ್ರು. ಭಾಳ ದೊಡ್ಡ ಮನಷ್ಯಾ, ಬೆಳ್ಳನ ಕೂದಲು, ದನಿ ಎತ್ತಿ ಮಾತಾಡಿದ್ದು ಯಾರೂ ಕೇಳಿಲ್ಲ. ಇವ್ರ ಹೆಗಲ ಮ್ಯಾಲ ಕೈ ಇಟ್ಟು, "ಕಸೊ ಆಸಾ?" ಅಂತ ಕೇಳಿದ್ರು, ಹೆಂಗದೀ ಅಂತ.

ನಮ್ಮ ಮನಿಯವ್ರು ಅವ್ರ ಮುಖ ನೋಡಿದ್ರು. ಎಡಗೈ ಮ್ಯಾಲ ಎತ್ತಿದ್ರು. ಗಂಟಲದಾಗಿಂದ ಏನೋ ಏರಿ ಬಂತು.

"ಭಾಡ್ಯಾ" ಅಂದ್ರು.

ಸ್ವಚ್ಛ, ತೊದಲಿಲ್ಲದ, ನಮ್ಮ ಸಿಂದಗಿ ಕಡಿ ಹೊಲಸ ಬೈಗಳಾ. ನನಗ ಮಾತು ಬಂತು ಅಂತ ಸಂತೋಷ ಆಗಬೇಕೋ, ನೆಲಾ ಬಾಯಿ ಬಿಟ್ರ ಒಳಗ ಹೋಗಬೇಕೋ ತಿಳೀಲಿಲ್ಲ.

ದೊಡ್ಡ ಡಾಕ್ಟರ್ರು ನನ್ನ ಕಡೆ ತಿರುಗಿ, "ಮೌಶಿ, ತೊ ಕಿತೆಂ ಮ್ಹಣ್ಟಾ?" ಅಂದ್ರು. ಏನಂತಾನ ಅಂತ. ಹನ್ನೆರಡು ಮಂದಿ ಹುಡುಗರು ಪುಸ್ತಕ, ಪೆನ್ ಹಿಡಕೊಂಡು ನನ್ನ ನೋಡಾಕತ್ರು. ಇಷ್ಟ ವರ್ಷ ಒಂದ ಮಾತೂ ಸುಳ್ಳ ಹೇಳದ ನಾನು ಅವತ್ತು ತಲಿ ತಗ್ಗಿಸಿ ಹೇಳ್ದೆ, "ಸಾಹೇಬ್ರ, ನೀವು ದೇವ್ರಂಥಾವ್ರು ಅನ್ನಾಕತ್ತಾರ. ನಮ್ಮ ಕಡಿ ದೊಡ್ಡವ್ರಿಗೆ ಹಂಗ ಅಂತಾರ."

ದೊಡ್ಡ ಡಾಕ್ಟರ್ರ ಕಣ್ಣು ಒದ್ದಿ ಆದ್ವು. ಇವ್ರ ಎಡಗೈ ತಮ್ಮ ಎರಡೂ ಕೈಯಾಗ ಹಿಡಕೊಂಡ್ರು. ಇವ್ರು ಮತ್ತ, "ಭಾಡ್ಯಾ, ಭಾಡ್ಯಾ" ಅಂದ್ರು. ಅವ್ರು ಹುಡುಗರ ಕಡೆ ತಿರುಗಿ ಇಂಗ್ಲೀಷಿನ್ಯಾಗ ಏನೋ ತಿಳಿಸಿ ಹೇಳಿದ್ರು. ಹುಡುಗರು ಬರಕೊಂಡ್ರು.

ಆಮ್ಯಾಲ ಸಣ್ಣ ಡಾಕ್ಟರ್ರು ನನಗ ಬಿಡಿಸಿ ಹೇಳಿದ್ರು. ತಲ್ಯಾಗ ಮಾತಿನ ಜಾಗಾ ಸತ್ರೂ ಕೆಲವು ಮಂದಿಗೆ ಒಂದೆರಡು ಮಾತು ಉಳೀತಾವಂತ. ರೂಢಿ ಆದ ಮಾತು, ಪ್ರಾರ್ಥನಾ, ಬೈಗಳಾ, ಇಂಥಾವು. ಅವ್ರು ಬೇಕಂತ ಅನ್ನೂದಿಲ್ಲಂತ, ಏನ ಹೇಳಾಕ ಹೋದ್ರೂ ಅದ ಬರ್ತೈತಂತ. ನೀರು ಬೇಕಂದ್ರೂ ಅದ, ನೋವಾದ್ರೂ ಅದ. ಮುಂದ ಬ್ಯಾರೆ ಮಾತು ಬರ್ತಾವೇನ್ರಿ ಅಂದೆ. ಅವ್ರು ಫೈಲ್ ನೋಡಾಕತ್ರು.

ನಾ ಹೇಳಿದ ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಎರಡು ದಿನಾ ಬಿಟ್ಟು ಬಾಜೂ ಕಾಟಿಗೆ ಮುದ್ದೇಬಿಹಾಳ ಕಡಿ ಒಬ್ಬ ಮುದುಕಪ್ಪ ಬಂದ. ಅವಂದೂ ಎದಿಬಡಿತದ ತ್ರಾಸು. ಎದಿ ತುಂಬ ವಾಯರ್, ತಲಿ ಮ್ಯಾಲ ಬಿಳೇ ಟೊಪಗಿ. ದೊಡ್ಡ ಡಾಕ್ಟರ್ರು ರೌಂಡಿಗೆ ಬಂದ್ರು. ಫೈಲ್ ಮ್ಯಾಲ ಊರಿನ ಹೆಸರು ಓದಿ ಅವ್ರ ಮುಖ ಅರಳಿತು. ನಾ ಬ್ಯಾಡ ಅನ್ನೂದ್ರಾಗ ಎರಡೂ ಕೈ ಜೋಡಿಸಿ, ಬಗ್ಗಿ, ಭಾಳ ಗೌರವದಿಂದ ಆ ಮುದುಕಪ್ಪಗ, "ಭಾಡ್ಯಾ" ಅಂದ್ರು.

ಮುದುಕಪ್ಪ ಡಾಕ್ಟರ್ರನ್ನ ಮ್ಯಾಲಿಂದ ಕೆಳಗ ನೋಡಿದ. ಕೋಟು ನೋಡಿದ, ಕೊಳ್ಳಾಗಿನ ನಳಿಗಿ ನೋಡಿದ, ಜೋಡಿಸಿದ ಕೈ ನೋಡಿದ. ತಾನೂ ಕೈ ಜೋಡಿಸಿದ.

"ಹೌದ್ರಿ ಸಾಹೇಬ್ರ" ಅಂದ, "ನಮ್ಮ ಮನಿಯಾಕಿನೂ ಅದನ್ನ ಅಂತಾಳ."

ಬಾಜೂ ಕಾಟಿನಿಂದ ನಮ್ಮ ಮನಿಯವ್ರು ನಕ್ರು. ಬಾಯಿ ಅರ್ಧಾನ ತೆರೀತು, ಆದ್ರ ನಕ್ಕಿದ್ದು ಪೂರ್ತಿ. ಲಕ್ವಾ ಹೊಡದಮ್ಯಾಲ ಮೊದಲ ಸಲ ನಕ್ಕಿದ್ದು. ಒಳಗ ಎಲ್ಲಾ ತಿಳೀತೈತಿ ಅವ್ರಿಗೆ, ಹೊರಗ ಬರಾಕ ದಾರಿ ಇಲ್ಲ ಅಷ್ಟ ಅಂತ ನನಗ ಅವಾಗ ಗೊತ್ತಾತು. ನಾ ಚಾದರ ಸರಿ ಮಾಡೋ ನೆವ ಮಾಡಿ ಗ್ವಾಡಿ ಕಡೆ ಮುಖ ಮಾಡಿ ಅತ್ತೆ.

ಡಿಸ್ಚಾರ್ಜ್ ದಿನಾ ದೊಡ್ಡ ಡಾಕ್ಟರ್ರು ನನ್ನ ತಮ್ಮ ಖೋಲಿಗೆ ಕರಸಿ, ಕುಂಡ್ರಾಕ ಖುರ್ಚಿ ಕೊಟ್ರು. ಆ ಖುರ್ಚಿ ನಾ ದಿನಾ ಒರಸತಿದ್ದೆ, ಕುಂತಿದ್ದು ಅವತ್ತ ಮೊದಲು. ಗುಳಿಗಿ ಒಂದ ದಿನಾ ತಪ್ಪಸಬ್ಯಾಡ ಅಂದ್ರು. ತಪ್ಪಸೂದಿಲ್ಲ ಅಂದೆ, ಈಗ ನಾನ ಬಾಯಾಗ ಹಾಕ್ತೀನಿ ಅಂದೆ. ಕೈ ಬರೂದು ಕಷ್ಟ, ಕಾಲು ಸ್ವಲ್ಪ ಬರಬಹುದು ಅಂದ್ರು. ಆಮ್ಯಾಲ ಕನ್ನಡಕ ತಗದು ಕಣ್ಣ ಒರಸ್ಕೊಂಡ್ರು.

"ಮೌಶಿ, ನಿನಗ ಸುಳ್ಳ ಆಸೆ ಕೊಡೂದಿಲ್ಲ" ಅಂದ್ರು. "ಬ್ಯಾರೆ ಮಾತು ಇನ್ನ ಬರೂದು ಕಷ್ಟ. ಇರೂತನಕ ಅದ ಒಂದ ಮಾತು. ಆದ್ರ ಸಮಾಧಾನ ಮಾಡ್ಕೊ. ಎಷ್ಟೋ ಮಂದಿಗೆ ಬರೇ ಹೊಲಸ ಬೈಗಳಾ ಉಳೀತಾವು. ನಿನ್ನ ಗಂಡ ಪುಣ್ಯವಂತ, ಅವಗ ಎಷ್ಟ ಚಂದ ಮಾತು ಉಳದೈತಿ."